ದೂರು ಬೇಡ, ನೀವೇ ಬೈದುಬಿಡಿ

ಓದುಗರ ಪತ್ರ:

"ಸಂಪಾದಕರಿಗೆ ನಮಸ್ಕಾರ. ನನಗೆ 68 ವರ್ಷ. ನಿವೃತ್ತನಾಗಿ 8 ವರ್ಷ ಆಯಿತು. ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ. ಗಿಡ ಸಾಕಿಕೊಂಡು ನೆಮ್ಮದಿಯಾಗಿದ್ದೆ. ಪಕ್ಕದ ಮನೆಗೆ ಹೊಸ ಸಂಸಾರವೊಂದು ಬಂದಿದೆ. ಅವರಿಗೆ 8 ವರ್ಷದ ಮಗನಿದ್ದಾನೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಸಾಕು, ಬೆಲ್ ಹೊಡೆಯುತ್ತಾನೆ. 'ಅಜ್ಜಾ, ನಿಮ್ಮ ಗೇಟಿಗೆ ಚಿಲಕ ಹಾಕಿರಲಿಲ್ಲ, ನಾನು ಹಾಕಿದೀನಿ' ಅಂತ ಹೇಳೋದಕ್ಕೆ! ಸ್ಕೂಟರ್ ಮೇಲೆ ಧೂಳಿದೆ ಎಂದು ಪಾತ್ರೆ ಉಜ್ಜುವ ತಂತಿ ನಾರು ತಂದು ಉಜ್ಜಿ ಬಣ್ಣ ಕಿತ್ತಿದ್ದಾನೆ. ಮೊನ್ನೆಯಂತೂ ಮಿತಿ ಮೀರಿತು. ಮಂಡಿ ನೋವು, ಬಗ್ಗಿ ನೀರು ಹಾಕೋಕೆ ಆಗ್ತಿಲ್ಲ ಅಂತ ಅವನ ಮುಂದೆ ಒಂದು ಮಾತು ಆಡಿದ್ದೆ, ಅಷ್ಟೇ. ಮರುದಿನ ನಾವು ಏಳುವ ಮೊದಲೇ ಗೋಡೆ ಹಾರಿ ಬಂದಿದ್ದಾನೆ. 12 ವರ್ಷದಿಂದ ಸಾಕಿದ ಕ್ಯಾಕ್ಟಸ್ ಸೇರಿ ಎಲ್ಲ ಕುಂಡಗಳಿಗೂ ನೀರು ತುಂಬಿಸಿ, ಪೈಪನ್ನು ಬಾಗಿಲ ಬಳಿ ಹಾಗೇ ಬಿಟ್ಟು ಹೋಗಿದ್ದಾನೆ. ನೀರು ಒಳಗೆ ನುಗ್ಗಿ, ಕೆಳಗಿನ ಕಪಾಟಿನಲ್ಲಿದ್ದ ನನ್ನ ಹಳೆಯ ಕಡತ, ಫೋಟೋ ಎಲ್ಲ ನೆನೆದವು. ಅವನ ತಂದೆಗೆ ಮೆಸೇಜ್ ಮಾಡಿದೆ. ಬಡಾವಣೆಯ ಗ್ರೂಪಿನಲ್ಲೂ ಹಾಕಿದೆ. ಹುಡುಗನ ಜೊತೆ ಮಾತು ಬಿಟ್ಟಿದ್ದೇನೆ. ಗೋಡೆಯನ್ನು ಎರಡು ಅಡಿ ಎತ್ತರಿಸಲು ಮೇಸ್ತ್ರಿ ಅಳತೆ ತೆಗೆದುಕೊಂಡು ಹೋಗಿದ್ದಾನೆ. ನನ್ನ ಹೆಂಡತಿ ಬೇಡ ಅನ್ನುತ್ತಾಳೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ನಿಮ್ಮ ಅಭಿಪ್ರಾಯ ತಿಳಿಸಿ. ನನ್ನ ಹೆಸರು ಹಾಕಬೇಡಿ."

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡನೇ ಸಲ ಓದುವಾಗ ಒಂದು ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಮಂಡಿ ನೋವು ಅಂತ ಅವನ ಮುಂದೆ ಒಂದು ಮಾತು ಆಡಿದ್ದೆ, ಅಷ್ಟೇ ಎಂದು ಬರೆದಿದ್ದೀರಿ. ಆ 'ಅಷ್ಟೇ' ಇದೆಯಲ್ಲ, ನನಗೆ ಮಾತಾಡಬೇಕಿರುವುದು ಅದರ ಬಗ್ಗೆ.

ಮೊದಲು ನಿಮ್ಮ ನಷ್ಟದ ಮಾತು. ಬಣ್ಣ ಹೋದ ಸ್ಕೂಟರ್, ನೆನೆದ ಕಡತ, ಕೆಟ್ಟ ನಿದ್ದೆ ಯಾವುದೂ ಸಣ್ಣದಲ್ಲ. ಈ ವಯಸ್ಸಿನಲ್ಲಿ ಮಧ್ಯಾಹ್ನ ಸ್ವಲ್ಪ ಮಲಗಲೇಬೇಕು. ಇನ್ನೊಬ್ಬರ ಗೋಡೆ ಹಾರುವುದು ತಪ್ಪು, ಅದನ್ನು ಅವನಿಗೆ ಹೇಳಲೇಬೇಕು. ಇಷ್ಟನ್ನು ಒಪ್ಪಿದೆ.

ಈಗ ಆ ಸಾಲಿಗೆ ಬರೋಣ. ನಿಮ್ಮ ಮಂಡಿ ನೋವಿನ ವಿಷಯವನ್ನು ಎಷ್ಟು ಜನರ ಮುಂದೆ ಹೇಳಿರಬಹುದು? ಡಾಕ್ಟರಿಗೆ ಹೇಳಿರುತ್ತೀರಿ, ನೆಂಟರಿಗೆ ಹೇಳಿರುತ್ತೀರಿ, ಸಂಜೆ ಜೊತೆಗೆ ಓಡಾಡುವವರಿಗೆ ಹೇಳಿರುತ್ತೀರಿ. ಅವರೆಲ್ಲ "ಅಯ್ಯೋ ಹೌದಾ, ಹುಷಾರಾಗಿರಿ" ಎಂದು ಮುಂದಿನ ಮಾತಿಗೆ ಹೋಗಿರುತ್ತಾರೆ. ಆ ಮಾತನ್ನು ಮನೆಗೆ ತೆಗೆದುಕೊಂಡು ಹೋಗಿ, ತಲೆಯಲ್ಲಿಟ್ಟುಕೊಂಡು ಮಲಗಿ, ಬೆಳಕು ಹರಿಯುವ ಮೊದಲೇ ಎದ್ದು ಬಂದವನು ಒಬ್ಬನೇ. 8 ವರ್ಷದ ಹುಡುಗ ತಾನಾಗಿಯೇ ಬೇಗ ಏಳುವುದು ಎಷ್ಟು ದೊಡ್ಡ ವಿಷಯ ಅಂತ ಅವನ ತಾಯಿಯನ್ನೇ ಕೇಳಿ ನೋಡಿ.

ಮಕ್ಕಳ ಮನಸ್ಸನ್ನು ಹತ್ತಿರದಿಂದ ನೋಡಿದ ಜೀನ್ ಪಿಯಾಜೆ ಎಂಬ ಸ್ವಿಸ್ ವಿದ್ವಾಂಸರಿದ್ದರು. 1932ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಪುಟ್ಟ ಕತೆಗಳಿವೆ. ಒಬ್ಬ ಹುಡುಗನನ್ನು ಊಟಕ್ಕೆ ಕರೆಯುತ್ತಾರೆ. ಅವನು ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ತಟ್ಟೆಯಲ್ಲಿ 15 ಕಪ್ಪುಗಳಿದ್ದದ್ದು ಅವನಿಗೆ ಗೊತ್ತಿಲ್ಲ. ಎಲ್ಲ ಚೂರಾಗುತ್ತವೆ. ಇನ್ನೊಬ್ಬ ಹುಡುಗ, ಅಮ್ಮ ಇಲ್ಲದ ಹೊತ್ತಿನಲ್ಲಿ ಕಪಾಟಿನಿಂದ ಜಾಮ್ ಕದಿಯಲು ಹೋಗುತ್ತಾನೆ. ಕೈ ತಗುಲಿ ಒಂದು ಕಪ್ಪು ಒಡೆಯುತ್ತದೆ. ಇವರಿಬ್ಬರಲ್ಲಿ ಯಾರದು ದೊಡ್ಡ ತಪ್ಪು ಎಂದು ಪಿಯಾಜೆ ಮಕ್ಕಳನ್ನೇ ಕೇಳಿದರು. ಚಿಕ್ಕ ಮಕ್ಕಳಲ್ಲಿ ಹೆಚ್ಚಿನವರು "15 ಒಡೆದವನದು" ಎಂದರು. ಸ್ವಲ್ಪ ದೊಡ್ಡವರಾದ ಮಕ್ಕಳು "ಕದಿಯಲು ಹೋದವನದು" ಎಂದರು. ಬುದ್ಧಿ ಬಲಿತಂತೆ ಮಗು ಒಡೆದ ಕಪ್ಪುಗಳನ್ನು ಎಣಿಸುವುದು ಬಿಟ್ಟು, ಮನಸ್ಸಿನಲ್ಲಿ ಏನಿತ್ತು ಎಂದು ನೋಡಲು ಕಲಿಯುತ್ತದೆ.

ನೀವು ಪತ್ರದಲ್ಲಿ ಕಪ್ಪುಗಳನ್ನು ಎಣಿಸಿದ್ದೀರಿ, ಸ್ವಾಮಿ. ಸ್ಕೂಟರ್ ಒಂದು, ಕ್ಯಾಕ್ಟಸ್ ಒಂದು, ಕಡತ ಇಷ್ಟು. ನಿಮ್ಮ ವಯಸ್ಸಿನವರು, ಇಷ್ಟು ಚೆನ್ನಾಗಿ ಪತ್ರ ಬರೆಯಬಲ್ಲವರು, ಅಲ್ಲಿಗೇ ನಿಲ್ಲಬಾರದಿತ್ತು. ಚಿಲಕ ಹಾಕಿದ್ದು ಯಾಕೆ, ಉಜ್ಜಿದ್ದು ಯಾಕೆ, ನೀರು ಹಾಕಿದ್ದು ಯಾಕೆ ಎಂದು ಒಂದೊಂದಾಗಿ ಕೇಳಿಕೊಳ್ಳಿ. ಮೂರಕ್ಕೂ ಉತ್ತರ ನೀವೇ.

ಸಹಾಯ ಮಾಡುವ ಆಸೆ ಮಕ್ಕಳಿಗೆ ಯಾರೂ ಹೇಳಿಕೊಡದೆ ಬರುತ್ತದೆ. ಜರ್ಮನಿಯ ಫೆಲಿಕ್ಸ್ ವಾರ್ನೆಕೆನ್ ಮತ್ತು ಅಮೆರಿಕದ ಮೈಕೆಲ್ ಟೊಮಾಸೆಲ್ಲೊ 2006ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಒಂದೂವರೆ ವರ್ಷದ 24 ಕೂಸುಗಳು. ಎದುರಿಗೆ ಅಪರಿಚಿತ ದೊಡ್ಡವನೊಬ್ಬ. ಬಟ್ಟೆ ಒಣಹಾಕುತ್ತಾ ಅವನು ಕ್ಲಿಪ್ ಕೆಳಗೆ ಬೀಳಿಸುತ್ತಾನೆ, ಕೈ ಚಾಚಿದರೂ ಎಟಕುವುದಿಲ್ಲ. ಇನ್ನೊಮ್ಮೆ ಎರಡೂ ಕೈಯಲ್ಲಿ ಪುಸ್ತಕ ಹೊತ್ತು ಬಂದು, ಮುಚ್ಚಿದ ಕಪಾಟಿನ ಬಾಗಿಲಿಗೆ ಡಿಕ್ಕಿ ಹೊಡೆಯುತ್ತಾನೆ. 24ರಲ್ಲಿ 22 ಕೂಸುಗಳು ಒಂದಲ್ಲ ಒಂದು ಸಲ ಎದ್ದು ಹೋಗಿ ಸಹಾಯ ಮಾಡಿದವು. ಸರಿಯಾಗಿ ನಡೆಯಲೂ ಬಾರದ ಕೂಸು ತಟ್ಟಾಡುತ್ತಾ ಹೋಗಿ ಕಪಾಟಿನ ಬಾಗಿಲು ತೆಗೆಯುತ್ತದೆ! ಇನ್ನೂ ಒಂದು ಮಾತಿದೆ. ಅವನು ಕ್ಲಿಪ್ಪನ್ನು ಬೇಕೆಂದೇ ಬಿಸಾಡಿದಾಗ ಕೂಸುಗಳು ಅಷ್ಟಾಗಿ ಎದ್ದು ಬರಲಿಲ್ಲ. ಕೈ ಜಾರಿದ್ದು ಯಾವುದು, ಬೇಕೆಂದೇ ಎಸೆದದ್ದು ಯಾವುದು ಅಂತ ಅವಕ್ಕೆ ತಿಳಿಯುತ್ತದೆ. ನಾವು ದೊಡ್ಡವರಿಗೆ ತಿಳಿಯಬಾರದೇ?

1951ರ ಮಾರ್ಚ್ 12ರಂದು ಅಮೆರಿಕದ 16 ಪತ್ರಿಕೆಗಳಲ್ಲಿ 'ಡೆನ್ನಿಸ್ ದಿ ಮೆನೇಸ್' ಕಾರ್ಟೂನ್ ಶುರುವಾಯಿತು. ಅದೇ ದಿನ ಬ್ರಿಟನ್ನಿನ ಒಂದು ಮಕ್ಕಳ ವಾರಪತ್ರಿಕೆಯಲ್ಲಿ ಅದೇ ಹೆಸರಿನ ಇನ್ನೊಬ್ಬ ತುಂಟ ಹುಟ್ಟಿದ. ಒಬ್ಬನನ್ನು ಬರೆದವರಿಗೆ ಇನ್ನೊಬ್ಬನ ಸುದ್ದಿ ಗೊತ್ತಿರಲಿಲ್ಲ. ಬ್ರಿಟನ್ನಿನವನು ಬೇಕೆಂದೇ ಕಾಟ ಕೊಡುವವನು. ಅಮೆರಿಕದವನು ಒಳ್ಳೆಯದು ಮಾಡಲು ಹೋಗಿ ಎಡವಟ್ಟು ಮಾಡುವವನು, ಪಕ್ಕದ ಮನೆಯ ನಿವೃತ್ತ ಯಜಮಾನನ ನೆಮ್ಮದಿ ಕೆಡಿಸುವವನು. ಹೆಸರು ಒಂದೇ, ಹೂಕುಂಡ ಒಡೆಯುವುದೂ ಒಂದೇ. ಹುಡುಗರು ಮಾತ್ರ ಬೇರೆ ಬೇರೆ. ನಿಮ್ಮ ಗೋಡೆ ಹಾರಿ ಬಂದವನು ಅಮೆರಿಕದವನ ಜಾತಿ. ಅವನನ್ನು ಬ್ರಿಟನ್ನಿನವನಂತೆ ನಡೆಸಿಕೊಳ್ಳುತ್ತಿದ್ದೀರಿ ಎನ್ನುವುದೇ ನನ್ನ ತಕರಾರು.

ನಾನು 9 ವರ್ಷದವನಿದ್ದಾಗ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾತ ಇದ್ದರು. ಯಾವಾಗಲೂ ಸಿಡುಕು. ಅವರ ಕನ್ನಡಕದ ಒಂದು ಕಡ್ಡಿ ಸಡಿಲವಾಗಿ, ಅದಕ್ಕೆ ಬಿಳಿ ದಾರ ಸುತ್ತಿದ್ದರು. ಓದುವಾಗ ಅದು ಪದೇಪದೇ ಜಾರುತ್ತಿತ್ತು, ಅವರು ಪದೇಪದೇ ಮೇಲಕ್ಕೆ ತಳ್ಳುತ್ತಿದ್ದರು. ನನಗೆ ನೋಡಲಾಗಲಿಲ್ಲ. ಒಂದು ದಿನ ಅವರು ಜಗಲಿಯಲ್ಲಿ ತೂಕಡಿಸುತ್ತಿದ್ದಾಗ ಕನ್ನಡಕ ಎತ್ತಿಕೊಂಡು, ದಾರ ಬಿಚ್ಚಿ, ಕಡ್ಡಿಗೆ ಗೋಂದು ಹಚ್ಚಿದೆ. ಗೋಂದು ಗಾಜಿನ ಮೇಲೆಲ್ಲ ಹರಿಯಿತು. ಅಂಗಿಯ ತುದಿಯಿಂದ ಒರೆಸಿದೆ, ಇನ್ನಷ್ಟು ಹರಡಿತು. ಅಷ್ಟರಲ್ಲಿ ತಾತನಿಗೆ ಎಚ್ಚರವಾಯಿತು.

ಅವರು ಬೈದ ಬೈಗುಳ ನನಗೆ ಇವತ್ತಿಗೂ ಕಿವಿಯಲ್ಲಿದೆ. ನನ್ನನ್ನೇ ನಿಲ್ಲಿಸಿಕೊಂಡು, ನನ್ನ ಮುಖ ನೋಡಿಕೊಂಡೇ ಬೈದರು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ ಒಂದು ನಿಮಿಷ ಸುಮ್ಮನಿದ್ದು ಕೇಳಿದರು, "ಯಾಕೋ ಹಚ್ಚಿದೆ?" "ಜಾರ್ತಿತ್ತಲ್ಲ ತಾತ" ಅಂದೆ. ಅವರು ಏನೂ ಹೇಳಲಿಲ್ಲ. ಒಳಗೆ ಹೋಗಿ ಬಿಸಿನೀರು, ಹಳೆಯ ಬನಿಯನ್ನಿನ ಒಂದು ತುಂಡು ತಂದು ನನ್ನ ಮುಂದಿಟ್ಟರು. "ಒರೆಸು. ಗೀರಬೇಡ, ಒತ್ತಿ ಹಿಡಿ, ಗೋಂದು ತಾನೇ ನೆನೀಲಿ." ಒಂದು ಗಂಟೆ ಕೂತು ಒರೆಸಿದೆ. ಆಮೇಲೆ ಹೇಳಿದರು, "ನಾಳೆ ನಾಲ್ಕು ಗಂಟೆಗೆ ಬಾ. ಬರದಿದ್ರೆ ನಿಮ್ಮಪ್ಪನಿಗೆ ಹೇಳ್ತೀನಿ."

ಮರುದಿನ ನಾಲ್ಕಕ್ಕೆ ಹೋದೆ. ಅಕ್ಕಿಕಾಳಿಗಿಂತ ಸಣ್ಣದೊಂದು ತಿರುಪು, ಬೆಂಕಿಕಡ್ಡಿಯಷ್ಟು ಉದ್ದದ ಸ್ಕ್ರೂಡ್ರೈವರ್ ತಂದಿಟ್ಟಿದ್ದರು. ಅವರ ಕೈ ನಡುಗುತ್ತಿತ್ತು. ಅದಕ್ಕೇ ಇಷ್ಟು ದಿನ ದಾರ ಸುತ್ತಿಕೊಂಡಿದ್ದರು ಅಂತ ನನಗೆ ಆಗ ಗೊತ್ತಾಯಿತು. ತಿರುಪನ್ನು ಬೆರಳ ತುದಿಗೆ ಅಂಟಿಸಿಕೊಳ್ಳುವುದು ಹೇಗೆ, ಮೊದಲು ಒಂದು ಸುತ್ತು ಹಿಂದಕ್ಕೆ ತಿರುಗಿಸಿ ಆಮೇಲೆ ಮುಂದಕ್ಕೆ ಬಿಗಿಯುವುದು ಯಾಕೆ, ಎಲ್ಲ ಹೇಳಿಕೊಟ್ಟರು. ಬಿಗಿದದ್ದು ನಾನು. ಕನ್ನಡಕ ಹಾಕಿಕೊಂಡು ತಲೆ ಕೆಳಗೆ ಬಗ್ಗಿಸಿ ನೋಡಿದರು. ಜಾರಲಿಲ್ಲ. ನಮ್ಮಪ್ಪನಿಗೆ ಅವರು ಕೊನೆಯವರೆಗೂ ಹೇಳಲಿಲ್ಲ. ಈಗ ನನ್ನ ಮೂಗಿನ ಮೇಲಿರುವ ಕನ್ನಡಕದ ತಿರುಪನ್ನು ನಾನೇ ಬಿಗಿದುಕೊಳ್ಳುತ್ತೇನೆ. ಹಿಂದಕ್ಕೆ ಒಂದು ಸುತ್ತು, ಆಮೇಲೆ ಮುಂದಕ್ಕೆ.

ಆ ತಾತ ನನ್ನ ಅಪ್ಪನಿಗೆ ದೂರು ಕೊಟ್ಟಿದ್ದರೆ ನನಗೆ ಎರಡು ಏಟು ಬೀಳುತ್ತಿತ್ತು, ಆ ಮನೆಗೆ ಹೋಗುವುದು ನಿಲ್ಲುತ್ತಿತ್ತು. ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವರು ನನ್ನನ್ನೇ ಬೈದರು. ಹಾಗೆ ಬೈಯುವಾಗ ನಾನು ಯಾಕೆ ಮಾಡಿದೆ ಅಂತ ಕೇಳಲು ಅವರಿಗೆ ಅವಕಾಶ ಸಿಕ್ಕಿತು. ನೀವು ನಿಮ್ಮ ಹುಡುಗನನ್ನು ಆ ಬೆಳಗ್ಗೆ ಏನಾದರೂ ಕೇಳಿದಿರಾ? ಪತ್ರದಲ್ಲಿ ಅದು ಇಲ್ಲ. ತಂದೆಗೆ ಮೆಸೇಜ್ ಹೋಗಿದೆ, ಗ್ರೂಪಿಗೆ ಹೋಗಿದೆ, ಮೇಸ್ತ್ರಿಗೆ ಹೋಗಿದೆ, ನನಗೂ ಬಂದಿದೆ. ಹುಡುಗನಿಗೆ ಮಾತ್ರ ಒಂದು ಮಾತೂ ಸಿಕ್ಕಿಲ್ಲ. ಗ್ರೂಪಿನಲ್ಲಿ ಹಾಕಿದ್ದಂತೂ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ. ಆ ಮೆಸೇಜಿನಲ್ಲಿ ನಿಮ್ಮ ಮಂಡಿ ನೋವಿನ ವಿಷಯ ಬರೆದಿದ್ದಿರಾ? ಬರೆದಿರದಿದ್ದರೆ, ಓದಿದ ಎಲ್ಲರ ಕಣ್ಣಿಗೆ ಅವನು ಪೈಪು ಬಿಟ್ಟು ಮನೆ ಹಾಳು ಮಾಡಿದ ಪೋಕರಿ, ಅಷ್ಟೇ.

ಜೇನ್ ಜೇಕಬ್ಸ್ ಎಂಬ ಲೇಖಕಿ ನ್ಯೂಯಾರ್ಕಿನ ತಮ್ಮ ಬೀದಿಯ ಬಗ್ಗೆ 1961ರಲ್ಲಿ ಬರೆದ ಒಂದು ಪ್ರಸಂಗ ನನಗೆ ಆಗಾಗ ನೆನಪಾಗುತ್ತದೆ. ಅವರ ಮಗ ಆಡುತ್ತಾ ರಸ್ತೆಗೆ ಓಡುತ್ತಾನೆ. ಬೀದಿಯ ಬೀಗ ರಿಪೇರಿಯವನು ಹುಡುಗನನ್ನು ಅಲ್ಲೇ ಗದರಿಸುತ್ತಾನೆ. ಆಮೇಲೆ ಅಂಗಡಿ ಮುಂದೆ ಹಾದುಹೋಗುವ ಅಪ್ಪನಿಗೂ ಹೇಳುತ್ತಾನೆ. ಮೊದಲು ಗದರಿದ್ದು, ಹೇಳಿದ್ದು ಆಮೇಲೆ. ಇದರಿಂದ ಹುಡುಗ ಕಲಿತದ್ದು ರಸ್ತೆಯ ನಿಯಮ ಒಂದೇ ಅಲ್ಲ ಅನ್ನುತ್ತಾರೆ ಆಕೆ. ರಕ್ತಸಂಬಂಧವಿಲ್ಲದ ಮನುಷ್ಯನಿಗೂ ತನ್ನ ಮೇಲೆ ಒಂದಿಷ್ಟು ಹೊಣೆ ಇದೆ ಅಂತ ಅವನು ಕಲಿತ. ಇದನ್ನು ಅಪ್ಪ ಅಮ್ಮ ಎಷ್ಟು ಹೇಳಿದರೂ ಕಲಿಸಲಾಗದು. ಹೊರಗಿನವರೇ ಕಲಿಸಬೇಕು.

ಇದು ಸುಮ್ನೆ ಭಾವುಕತೆ ಅಂತ ಕೆಲವರಿಗೆ ಅನ್ನಿಸಬಹುದು. 1995ರಲ್ಲಿ ಷಿಕಾಗೋ ನಗರದ 343 ನೆರೆಹೊರೆಗಳಲ್ಲಿ 8,782 ಜನರನ್ನು ಭೇಟಿಯಾಗಿ ಸಂಶೋಧಕರು ಕೆಲವು ಪ್ರಶ್ನೆ ಕೇಳಿದರು. ನಿಮ್ಮ ಬೀದಿಯ ಮಕ್ಕಳು ಶಾಲೆ ತಪ್ಪಿಸಿ ಮೂಲೆಯಲ್ಲಿ ನಿಂತಿದ್ದರೆ, ಗೋಡೆ ಮೇಲೆ ಗೀಚುತ್ತಿದ್ದರೆ, ದೊಡ್ಡವರ ಎದುರು ಅಗೌರವ ತೋರಿಸಿದರೆ, ನೆರೆಯವರು ಏನಾದರೂ ಮಾಡುತ್ತಾರಾ? "ಮಾಡುತ್ತಾರೆ" ಎಂಬ ಉತ್ತರ, ಜೊತೆಗೆ ಒಬ್ಬರ ಮೇಲೊಬ್ಬರಿಗೆ ನಂಬಿಕೆ ಜಾಸ್ತಿ ಇದ್ದ ಕಡೆ ಹೊಡೆದಾಟ, ಹಿಂಸೆ ಕಡಿಮೆ ಇತ್ತು. ಬಡತನದ ಲೆಕ್ಕ ಹಿಡಿದು ನೋಡಿದರೂ ಹಾಗೇ ಇತ್ತು. 1997ರಲ್ಲಿ ರಾಬರ್ಟ್ ಸ್ಯಾಂಪ್ಸನ್ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ಸಿಡುಕಿದರೂ ಮಗುವಿನ ಹತ್ತಿರ ನೇರವಾಗಿ ಮಾತಾಡುವ ಒಬ್ಬ ನೆರೆಯಾತ ಇಡೀ ಬೀದಿಗೆ ಆಸ್ತಿ.

ಆದರೆ ಈಗ ಯಾರು ಬೈಯುತ್ತಾರೆ? ಬೈದರೆ ತಂದೆತಾಯಿಗೆ ಕೋಪ ಬರುತ್ತದೆ ಎಂಬ ಹೆದರಿಕೆ. ತಂದೆತಾಯಿಗೂ ಹೇಳುತ್ತೇನೆ, ಪಕ್ಕದ ಮನೆಯ ಅಜ್ಜ ನಿಮ್ಮ ಮಗನನ್ನು ಗದರಿದರೆ ಜಗಳಕ್ಕೆ ಹೋಗಬೇಡಿ. ಮೊದಲು ಏನಾಯಿತು ಅಂತ ಕೇಳಿ. ಗದರುವವರು ಹೋದ ಮೇಲೆ ಉಳಿದಿರುವುದು ಕ್ಯಾಮೆರಾ ಮತ್ತು ಫಲಕ. "ಇಲ್ಲಿ ಚೆಂಡಾಟ ಆಡಬಾರದು." "ಇಲ್ಲಿ ಸೈಕಲ್ ಓಡಿಸಬಾರದು." "ಹುಲ್ಲಿನ ಮೇಲೆ ನಡೆಯಬಾರದು." ರಸ್ತೆಯನ್ನು ಕಾರುಗಳಿಗೆ ಕೊಟ್ಟೆವು. ಖಾಲಿ ಜಾಗದಲ್ಲಿ ಕಟ್ಟಡ ಎದ್ದಿತು. ಗಲಾಟೆ ಮಾಡಿದರೆ ದೂರು ಅಂತ ಮಗುವಿನ ಕೈಗೆ ಫೋನ್ ಕೊಟ್ಟೆವು. ಮಗು ಫೋನ್ ಹಿಡಿದು ಮೂಲೆಯಲ್ಲಿ ಕೂತಿತು. ಈಗ ಅದಕ್ಕೂ ದೂರು. ಈ ಕಚೇರಿಗೆ ಎರಡೂ ಬಗೆಯ ಪತ್ರ ಬರುತ್ತವೆ. ಕೆಲವೊಮ್ಮೆ ಒಬ್ಬರೇ ಎರಡನ್ನೂ ಬರೆದಿರುತ್ತಾರೆ.

1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಆಟವನ್ನು ಮಗುವಿನ ಹಕ್ಕು ಎನ್ನುತ್ತದೆ. ಜರ್ಮನಿಯಲ್ಲಿ ಶಿಶುವಿಹಾರದ ಸದ್ದಿನ ವಿರುದ್ಧ ಜನ ನ್ಯಾಯಾಲಯಕ್ಕೇ ಹೋಗುತ್ತಿದ್ದರು. 2011ರಲ್ಲಿ ಅಲ್ಲಿ ಕಾನೂನು ತಿದ್ದಿ, ಶಿಶುವಿಹಾರ ಮತ್ತು ಆಟದ ಜಾಗಗಳಿಂದ ಬರುವ ಮಕ್ಕಳ ಸದ್ದನ್ನು ಸಾಮಾನ್ಯವಾಗಿ ಹಾನಿಕರ ಎಂದು ಎಣಿಸುವಂತಿಲ್ಲ ಎಂದು ಬರೆದರು. ಮಕ್ಕಳ ಕೂಗು ಯಂತ್ರದ ಕರ್ಕಶದಂತಲ್ಲ ಅಂತ ಹೇಳಲು ಕಾನೂನು ಬೇಕಾಯಿತು! ಓದಿದಾಗ ಖುಷಿಯೂ ಆಯಿತು, ಬೇಜಾರೂ ಆಯಿತು.

ಇಟ್ಟಿಗೆಯ ಮಾತೂ ಒಂದಿದೆ, ನೀವು ಗೋಡೆ ಎತ್ತರಿಸಲು ಹೊರಟಿದ್ದೀರಲ್ಲ, ಅದಕ್ಕೆ ಹೇಳುತ್ತೇನೆ. ಡೆನ್ಮಾರ್ಕಿನಲ್ಲಿ ಸೋರೆನ್‌ಸೆನ್ ಎಂಬ ಉದ್ಯಾನ ವಿನ್ಯಾಸಕರಿದ್ದರು. ತಾವು ಅಂದವಾಗಿ ಮಾಡಿದ ಆಟದ ಜಾಗಗಳಿಗಿಂತ ಮಕ್ಕಳಿಗೆ ಕಟ್ಟಡ ಕಟ್ಟುವ ಜಾಗವೇ ಜಾಸ್ತಿ ಇಷ್ಟ ಅನ್ನುವುದನ್ನು ಅವರು ನೋಡಿದರು. 1943ರಲ್ಲಿ, ಯುದ್ಧದ ನಡುವೆಯೇ, ಕೋಪನ್‌ಹೇಗನ್ ನಗರದ ಎಮ್‌ಡ್ರುಪ್ ಬಡಾವಣೆಯಲ್ಲಿ ಒಂದು ಜಾಗ ಮಾಡಿ, ಹಲಗೆ, ಇಟ್ಟಿಗೆ, ಹಳೆಯ ಸಾಮಾನುಗಳನ್ನು ಮಕ್ಕಳ ಕೈಗೇ ಬಿಟ್ಟರು. ಮಕ್ಕಳು ಅಗೆದರು, ಕಟ್ಟಿದರು, ಕೆಡವಿದರು. ಜೊತೆಗೆ ಒಬ್ಬ ದೊಡ್ಡವನು ಯಾವಾಗಲೂ ಇರುತ್ತಿದ್ದ. ಕೇಳಿದರೆ ಹೇಳಿಕೊಡುತ್ತಿದ್ದ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂದಿರಿ. ಗಿಡ ಸಾಕಿದವರು ನೀವು. ಗಿಡ ಬಗ್ಗಿಸುವುದು ದೂರದಿಂದ ಆಗುತ್ತದೆಯೇ? ಹತ್ತಿರ ಹೋಗಿ, ಕೋಲು ನೆಟ್ಟು, ಮೆತ್ತಗಿನ ದಾರದಿಂದ ಕಟ್ಟಿ, ದಿನಾ ನೋಡಬೇಕು. ನಡುವೆ ಗೋಡೆ ಎತ್ತರಿಸಿದರೆ ಯಾವ ಗಿಡವೂ ಬಗ್ಗುವುದಿಲ್ಲ. ಹವಾಯಿಯ ಕವಾಯ್ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ಜೊತೆಗಾರರು 40 ವರ್ಷದವರೆಗೆ ಹಿಂಬಾಲಿಸಿ ನೋಡಿದರು. ಬಡತನ, ಮನೆಯ ಜಗಳ, ತಂದೆತಾಯಿಯ ಕಾಯಿಲೆಗಳ ನಡುವೆ ಬೆಳೆದ ಮಕ್ಕಳಲ್ಲೂ ಸುಮಾರು ಮೂರರಲ್ಲೊಬ್ಬರು ಗಟ್ಟಿಯಾಗಿ, ಒಳ್ಳೆಯವರಾಗಿ ಬೆಳೆದಿದ್ದರು. ಅಂಥವರ ಬದುಕಿನಲ್ಲಿ ಮತ್ತೆಮತ್ತೆ ಕಂಡದ್ದು ತಂದೆತಾಯಿಯ ಆಚೆಗಿನ ಒಬ್ಬ ದೊಡ್ಡವರು. ಅಜ್ಜಿಯೋ, ಮೇಷ್ಟ್ರೋ, ನೆರೆಮನೆಯವರೋ. ನಿಮ್ಮ ಹುಡುಗನಿಗೆ ಅಂಥ ಕಷ್ಟವಿಲ್ಲದಿರಬಹುದು. ಆದರೆ ಹೊಸ ಬಡಾವಣೆಗೆ ಬಂದ ಮಗು, ಇಡೀ ಬೀದಿಯಲ್ಲಿ ಅವನು ಆರಿಸಿಕೊಂಡದ್ದು ನಿಮ್ಮನ್ನು. ಬೆಲ್ ಹೊಡೆಯುವುದು ನಿಮ್ಮ ಮನೆಯದೇ, ಅಲ್ವಾ?

ಹಾಗಾಗಿ ಇವತ್ತೇ ಅವನನ್ನು ಕರೆಯಿರಿ. ಚೆನ್ನಾಗಿ ಬೈಯಿರಿ, ನನ್ನದೇನೂ ಅಡ್ಡಿಯಿಲ್ಲ. ಆಮೇಲೆ ಯಾಕೆ ಮಾಡಿದೆ ಅಂತ ಕೇಳಿ, ಅವನು ಹೇಳಿ ಮುಗಿಸುವವರೆಗೂ ಕಾಯಿರಿ. ಬೆಲ್ ನಾಲ್ಕು ಗಂಟೆಯ ನಂತರ, ಬರುವುದು ಗೇಟಿನಿಂದ, ಗೋಡೆಯಿಂದಲ್ಲ ಎಂದು ಖಡಾಖಂಡಿತವಾಗಿ ಹೇಳಿ. ನೀರು ಹಾಕುವ ಕೆಲಸ ಅವನಿಗೇ ಕೊಡಿ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಮಣ್ಣಿಗೆ ತೂರಿಸಿ ನೋಡಬೇಕು, ತೇವ ಇದ್ದರೆ ನೀರು ಬೇಡ, ಕ್ಯಾಕ್ಟಸ್ ಮಣ್ಣು ಪೂರ್ತಿ ಒಣಗುವವರೆಗೆ ಮುಟ್ಟಲೇಬಾರದು ಎಂದು ತೋರಿಸಿ. ಅವನಿಗೆ ಇದು ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಪೈಪು ಕೆಳಗಿಡುವ ಮೊದಲು ನಲ್ಲಿ ನಿಲ್ಲಿಸುವುದನ್ನು ಹತ್ತು ಸಲ ಮಾಡಿಸಿ. ಕೆಲಸಕ್ಕೆ ಬಹುಮಾನ ಕೊಡಲು ಹೋಗಬೇಡಿ. ವಾರ್ನೆಕೆನ್ ಮತ್ತು ಟೊಮಾಸೆಲ್ಲೊ 2008ರಲ್ಲಿ ನೋಡಿದ್ದಾರೆ, ಸಹಾಯಕ್ಕೆ ಆಟಿಕೆ ಬಹುಮಾನ ಸಿಕ್ಕ ಪುಟ್ಟ ಮಕ್ಕಳು ಆಮೇಲೆ ತಾವಾಗಿ ಸಹಾಯ ಮಾಡುವುದು ಕಡಿಮೆಯಾಯಿತು. ಗ್ರೂಪಿನಲ್ಲಿ ಇನ್ನೊಂದು ಮೆಸೇಜ್ ಹಾಕಿ, ಈ ಸಲ ಮಂಡಿಯ ವಿಷಯ ಸೇರಿಸಿ. ಮೇಸ್ತ್ರಿಗೆ ಬೇಡ ಅಂತ ಹೇಳಿಬಿಡಿ. ನಿಮ್ಮ ಮನೆಯವರ ಮಾತು ಸರಿಯಾಗಿಯೇ ಇದೆ.

ಕಡತಗಳು ಪೂರ್ತಿ ಒಣಗಿವೆಯೇ? ಇನ್ನೂ ತೇವವಿದ್ದರೆ ಬಿಸಿಲಿಗೆ ಹಾಕಬೇಡಿ. ಹಾಳೆಗಳ ನಡುವೆ ಒಣ ಕಾಗದ ಇಟ್ಟು, ಫ್ಯಾನ್ ಗಾಳಿಯಲ್ಲಿ ಹರಡಿ, ಕಾಗದ ಒದ್ದೆಯಾದಂತೆ ಬದಲಿಸುತ್ತಾ ಇರಿ. ಫೋಟೋಗಳು ಅಂಟಿಕೊಂಡಿದ್ದರೆ ಬಲವಂತವಾಗಿ ಕೀಳಬೇಡಿ. ಇದು ಒಬ್ಬರೇ ಕೂತು ಮಾಡುವ ಕೆಲಸವಲ್ಲ, ಬಗ್ಗಿ ಏಳಬೇಕಾಗುತ್ತದೆ. ಆ ಹುಡುಗನನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದು ಫೋಟೋ ಎತ್ತಿ "ಇದು ಯಾರು ಅಜ್ಜಾ?" ಅಂತ ಕೇಳದೆ ಇರುವುದಿಲ್ಲ ಅವನು. ಆ ಕ್ಯಾಕ್ಟಸ್ ಏನಾಯಿತು ಅಂತ ಮುಂದಿನ ಪತ್ರದಲ್ಲಿ ಬರೆಯಿರಿ.